ಕಂಬಳಿ ಹೊತ್ತು ನಡೆದವರು

೧೮೧೭ನೆಯ ಇಸವಿ, ಮಾರ್ಚ್ ತಿಂಗಳ ೧೦ನೆಯ ತಾರೀಖು, ಸೋಮವಾರ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸೇಂಟ್ ಪೀಟರ್ಸ್ ಬಯಲಿಗೆ ಬೆಳಗಿನಿಂದಲೇ ಜನ ಬಂದು ಸೇರತೊಡಗಿದರು. ಅವರಲ್ಲಿ ಬಹುಮಂದಿ ಕೈಮಗ್ಗದ ನೇಕಾರರು. ನೂಲುವ ಗಿರಣಿಗಳ ಕೆಲಸಗಾರರೂ ಇದ್ದರು. ಸುಮ್ಮನೆ ನೋಡಲು ಬಂದವರು ಯಾರು, ಹೊರಡಲು ಸಿದ್ಧರಾಗಿ ಬಂದವರು ಯಾರು ಎಂಬುದನ್ನು ಗುರುತಿಸುವುದು ಕಷ್ಟವಾಗಿರಲಿಲ್ಲ. ಹೊರಡುವವರ ಬೆನ್ನಿನ ಮೇಲೆ ಸುರುಳಿ ಸುತ್ತಿದ ಒಂದೊಂದು ಕಂಬಳಿ ಇತ್ತು. ಸುಮಾರು ೧೮೦ ಮೈಲಿ ದೂರದ ಲಂಡನ್ನಿಗೆ ಅವರು ಕಾಲ್ನಡಿಗೆಯಲ್ಲಿ ಹೋಗಬೇಕಾಗಿತ್ತು. ರಾತ್ರಿ ದಾರಿಯ ಬದಿಯಲ್ಲಿ ಮಲಗಿದರೆ ಹೊದೆಯಲು ಬೇಕಾದುದು ಆ ಕಂಬಳಿ. ತಾವು ನೇಯುವ ಕುಲದವರು ಎಂದು ಕಂಡವರಿಗೆ ತಿಳಿಸುವ ಗುರುತೂ ಅದೇ. ಲಂಡನ್ನಿನಲ್ಲಿ ರಾಜಪ್ರತಿನಿಧಿಯಾಗಿದ್ದ ಯುವರಾಜನ ಕೈಗೆ ಒಂದು ಬಿನ್ನವತ್ತಳೆಯನ್ನು ಕೊಡುವುದು ಅವರ ಉದ್ದೇಶ. ಬೇರೆ ಯಾವ ಆಯುಧವೂ ಅವರ ಬಳಿ ಇರಲಿಲ್ಲ.

ಚರಿತ್ರೆಯ ಪುಸ್ತಕಗಳು ಇವರನ್ನು 'ಬ್ಲ್ಯಾಂಕೆಟೀರ್ಸ್' ಎಂದು ಕರೆಯುತ್ತವೆ. ಕಂಬಳಿಯವರು ಎಂದು ನಾವು ಹೇಳಬಹುದು. ನನ್ನ ಕಿವಿಗೆ ಆ ಹೆಸರಿನಲ್ಲಿ ಸ್ವಲ್ಪ ಕುಚೋದ್ಯವೂ ಕೇಳಿಸುತ್ತದೆ. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯನ್ನು ವಿವರಿಸುವ ಗ್ರಂಥಗಳಲ್ಲಿ ಆವಿಯಂತ್ರಕ್ಕೆ ಹತ್ತು ಪುಟಗಳು ದೊರೆತರೆ ಇವರಿಗೆ ದೊರೆಯುವುದು ಒಂದೆರಡು ಸಾಲು. ಆ ಸಾಲುಗಳಲ್ಲಿಯೂ 'ವಿಫಲ' ಎಂಬ ಮಾತು ತಪ್ಪದೆ ಬರುತ್ತದೆ. ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಅವರು ಲಂಡನ್ ಮುಟ್ಟಲೇ ಇಲ್ಲವಲ್ಲ ಸಾರ್, ಮತ್ತೆ ಅವರ ಕಥೆಯನ್ನು ಏಕೆ ಓದಬೇಕು?" ಎಂದು ಕೇಳಿದ. ಪ್ರಶ್ನೆ ಒರಟಾಗಿತ್ತು, ಆದರೆ ಪ್ರಾಮಾಣಿಕವಾಗಿತ್ತು. ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿ ಕೊಡಲಿಲ್ಲ. ಅವರನ್ನು ಅವಿವೇಕಿಗಳೆಂದು ತಳ್ಳಿಹಾಕುವುದು ಅನ್ಯಾಯವೆಂಬ ನನ್ನ ಅಭಿಪ್ರಾಯಕ್ಕೆ ಕಾರಣಗಳನ್ನು ಇಲ್ಲಿ ಸಾವಕಾಶವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಅವರ ಸಂಕಟವೇನೆಂಬುದನ್ನು ತಿಳಿಯಬೇಕು. ಬಟ್ಟೆ ಎಂಬುದು ಎರಡು ಕೆಲಸಗಳಿಂದ ಆಗುವ ವಸ್ತು: ನೂಲುವುದು ಮತ್ತು ನೇಯುವುದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹಾರ್ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್ ಮೊದಲಾದವರ ಯಂತ್ರಗಳು ನೂಲುವ ಕೆಲಸವನ್ನು ಮನೆಯಿಂದ ಗಿರಣಿಗೆ ಎಳೆದುಕೊಂಡವು. ನೂಲು ಹೇರಳವಾಯಿತು, ಅಗ್ಗವಾಯಿತು. ಆದರೆ ನೇಯ್ಗೆ ಮಾತ್ರ ಇನ್ನೂ ಮನುಷ್ಯನ ಕೈಕಾಲುಗಳಲ್ಲಿಯೇ ಉಳಿದಿತ್ತು. ಅಷ್ಟೊಂದು ನೂಲನ್ನು ನೇಯಲು ಜನ ಸಾಲದಾಯಿತು; ಕೆಲವು ವರ್ಷಗಳ ಕಾಲ ನೇಕಾರನಿಗೆ ಸುಗ್ಗಿಯೇ ಬಂದಿತ್ತು. ಮನೆಯಲ್ಲಿಯೇ ಮಗ್ಗ, ಪಕ್ಕದಲ್ಲಿ ನೆರವಾಗುವ ಹೆಂಡತಿ ಮಕ್ಕಳು, ಬೇಕೆನಿಸಿದಾಗ ಲಾಳಿಯನ್ನು ನಿಲ್ಲಿಸಿ ನೆರೆಯವನೊಡನೆ ಮಾತನಾಡುವ ಸ್ವಾತಂತ್ರ್ಯ. ಆ ದಿನಗಳನ್ನು ಅವರು ಮರೆಯಲಿಲ್ಲ. ಸುಗ್ಗಿಯ ಸುದ್ದಿ ಹರಡಿದಂತೆ ಹೊಲಗಳಿಂದ, ಐರ್ಲೆಂಡಿನಿಂದ ಜನ ಬಂದು ಮಗ್ಗಗಳ ಮುಂದೆ ಕುಳಿತರು. ನೇಯುವ ಕೈಗಳು ಎರಡು ಲಕ್ಷವನ್ನು ಮೀರಿದವು. ಕೈಗಳು ಹೆಚ್ಚಾದಂತೆ ಕೂಲಿ ಇಳಿಯಿತು. ೧೮೦೩ರ ಸುಮಾರಿಗೆ ವಾರಕ್ಕೆ ೧೫ ಷಿಲಿಂಗ್ ಗಳಿಸುತ್ತಿದ್ದ ನೇಕಾರನಿಗೆ ೧೮೧೮ರ ಹೊತ್ತಿಗೆ ೫ ಷಿಲಿಂಗ್ ಸಿಗುವುದೂ ಕಷ್ಟವಾಯಿತು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ಕೈಮಗ್ಗದವನ ಅನ್ನವನ್ನು ಯಂತ್ರಮಗ್ಗ ಕಸಿದುಕೊಂಡಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕಾರ್ಟ್‌ರೈಟನು ಯಂತ್ರಮಗ್ಗಕ್ಕೆ ಹಕ್ಕು ಪಡೆದುದು ೧೭೮೫ರಲ್ಲಿ ನಿಜ. ಆದರೆ ೧೮೧೩ರಲ್ಲಿ ಇಡೀ ಬ್ರಿಟನ್ನಿನಲ್ಲಿ ಅಂಥ ಮಗ್ಗಗಳು ಸುಮಾರು ೨,೪೦೦ ಮಾತ್ರ ಇದ್ದವು. ಎರಡು ಲಕ್ಷ ಕೈಮಗ್ಗಗಳ ಮುಂದೆ ಅದೆಷ್ಟರ ಸಂಖ್ಯೆ? ಯಂತ್ರ ಬಂದು ಮುಗಿಸುವುದಕ್ಕೆ ಮೊದಲೇ ನೇಕಾರನನ್ನು ಬಡವನನ್ನಾಗಿ ಮಾಡಿದುದು ಕೂಲಿಯನ್ನು ನಿಗದಿ ಮಾಡುವವರು ಯಾರೂ ಇಲ್ಲದಿದ್ದುದು. ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿರೆಂದು ಅವರು ಪಾರ್ಲಿಮೆಂಟಿಗೆ ಮೊರೆಯಿಟ್ಟರು; ೧೮೦೮ರಲ್ಲಿ ಪಾರ್ಲಿಮೆಂಟು ಅದನ್ನು ತಿರಸ್ಕರಿಸಿತು. ಎಲಿಜಬೆತ್ ರಾಣಿಯ ಕಾಲದಿಂದ ಒಂದು ಹಳೆಯ ಶಾಸನವಿತ್ತು. ಅದರ ಪ್ರಕಾರ ಸ್ಥಳದ ನ್ಯಾಯಾಧಿಕಾರಿಗಳು ಕೂಲಿಯನ್ನು ನಿರ್ಧರಿಸಬಹುದಾಗಿತ್ತು. ಆ ಭಾಗವನ್ನು ೧೮೧೩ರಲ್ಲಿ ರದ್ದುಮಾಡಿದರು. ಕೆಲಸಗಾರರು ಸಂಘ ಕಟ್ಟಿಕೊಂಡು ಕೂಲಿ ಕೇಳೋಣವೆಂದರೆ ೧೭೯೯ ಮತ್ತು ೧೮೦೦ರ ಶಾಸನಗಳು ಅದನ್ನು ಅಪರಾಧವೆಂದು ಸಾರಿದ್ದವು. ಒಂದು ಬಾಗಿಲನ್ನು ಮುಚ್ಚುವವರು ಇನ್ನೊಂದನ್ನು ತೆರೆದಿಡುವುದು ಲೋಕದ ರೂಢಿ. ಇಲ್ಲಿ ಎಲ್ಲವೂ ಮುಚ್ಚಿದ್ದವು.

ಇಷ್ಟಕ್ಕೆ ಕಾಲವೂ ಕೂಡಿಬಂತು. ೧೮೧೫ರಲ್ಲಿ ನೆಪೋಲಿಯನ್ನನ ಯುದ್ಧಗಳು ಮುಗಿದು ಸಾವಿರಾರು ಸೈನಿಕರು ಕೆಲಸವಿಲ್ಲದೆ ಊರಿಗೆ ಮರಳಿದರು. ಅದೇ ವರ್ಷ ಜಮೀನುದಾರರೇ ತುಂಬಿದ್ದ ಪಾರ್ಲಿಮೆಂಟು ಧಾನ್ಯದ ಶಾಸನವನ್ನು ಮಾಡಿ, ದೇಶದೊಳಗಿನ ಗೋದಿಯ ಬೆಲೆ ಒಂದು ಗೊತ್ತಾದ ಎತ್ತರಕ್ಕೆ ಏರುವತನಕ ಹೊರದೇಶದ ಗೋದಿ ಒಳಬರಕೂಡದೆಂದು ವಿಧಿಸಿತು. ೧೮೧೫ರ ಏಪ್ರಿಲ್‌ನಲ್ಲಿ ಇಂಡೋನೇಷ್ಯದ ತಂಬೋರ ಎಂಬ ಜ್ವಾಲಾಮುಖಿ ಸಿಡಿದು ಅದರ ಧೂಳು ಆಕಾಶವನ್ನು ಮುಸುಕಿದುದರಿಂದ ೧೮೧೬ರಲ್ಲಿ ಯುರೋಪಿಗೆ ಬೇಸಗೆಯೇ ಬರಲಿಲ್ಲ, ಬೆಳೆ ಕೆಟ್ಟಿತು. ಮ್ಯಾಂಚೆಸ್ಟರಿನ ನೇಕಾರನಿಗೆ ಆ ಬೆಟ್ಟದ ಹೆಸರು ಗೊತ್ತಿರಲಿಲ್ಲ. ರೊಟ್ಟಿಯ ಬೆಲೆ ಏರಿದುದು ಗೊತ್ತಿತ್ತು, ಕೂಲಿ ಇಳಿದುದು ಗೊತ್ತಿತ್ತು.

ಇನ್ನು, ತಮ್ಮ ಕಷ್ಟವನ್ನು ಹೇಳಿಕೊಳ್ಳಲು ಅವರಿಗೆ ಪ್ರತಿನಿಧಿಯಾದರೂ ಇದ್ದನೇ? ಅದೂ ಇಲ್ಲ. ಜಗತ್ತಿನ ಹತ್ತಿಬಟ್ಟೆಯ ರಾಜಧಾನಿಯಾಗಿ ಬೆಳೆಯುತ್ತಿದ್ದ ಮ್ಯಾಂಚೆಸ್ಟರ್ ನಗರಕ್ಕೆ ೧೮೩೨ರವರೆಗೆ ಪಾರ್ಲಿಮೆಂಟಿನಲ್ಲಿ ತನ್ನದೇ ಆದ ಒಬ್ಬ ಸದಸ್ಯನೂ ಇರಲಿಲ್ಲ. ಜನವಸತಿಯೇ ಇಲ್ಲವೆನ್ನಬಹುದಾದ ಓಲ್ಡ್ ಸೇರಂ ಎಂಬ ಹಾಳುದಿಬ್ಬದಿಂದ ಮಾತ್ರ ಇಬ್ಬರು ಸದಸ್ಯರು ಆರಿಸಿ ಬರುತ್ತಿದ್ದರು. ಇದನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ನಗುತ್ತಿದ್ದರು, ತಮಾಷೆಗೆ ಹೇಳುತ್ತಿದ್ದೇನೆಂದು ಭಾವಿಸಿ.

ಹೀಗಿರುವಲ್ಲಿ ಉಳಿದುದು ಒಂದೇ ಹಾದಿ. ಪ್ರಜೆ ದೊರೆಗೆ ಬಿನ್ನಹ ಮಾಡಿಕೊಳ್ಳುವುದು ಆ ದೇಶದ ಪ್ರಾಚೀನ ಹಕ್ಕು. ಆದರೆ ಆ ಹಕ್ಕಿಗೂ ಒಂದು ಕಡಿವಾಣವಿತ್ತು. ೧೬೬೧ರ ಶಾಸನವೊಂದರಂತೆ, ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಒಂದು ಬಿನ್ನವತ್ತಳೆಗೆ ಇಪ್ಪತ್ತಕ್ಕಿಂತ ಹೆಚ್ಚು ಸಹಿಗಳನ್ನು ಸಂಗ್ರಹಿಸಕೂಡದು. ಅದನ್ನು ಒಪ್ಪಿಸಲು ಹತ್ತಕ್ಕಿಂತ ಹೆಚ್ಚು ಜನ ಒಟ್ಟಿಗೆ ಹೋಗಕೂಡದು. ಗುಂಪಿನ ಗದ್ದಲದಿಂದ ದೊರೆಯನ್ನು ಹೆದರಿಸಬಾರದೆಂಬುದು ಆ ವಿಧಿಯ ಆಶಯ. ಒಂದೂವರೆ ಶತಮಾನದಷ್ಟು ಹಳೆಯದಾದ ಈ ಕಟ್ಟಳೆಯನ್ನು ಮ್ಯಾಂಚೆಸ್ಟರಿನ ಬಡ ನೇಕಾರರು ಮುರಿಯಲಿಲ್ಲ. ಅದನ್ನು ಅಕ್ಷರಶಃ ಪಾಲಿಸಲು ನಿಶ್ಚಯಿಸಿದರು! ಹತ್ತು ಹತ್ತು ಜನರ ತಂಡಗಳಾಗಿ ನಡೆಯುವುದು. ಪ್ರತಿಯೊಂದು ತಂಡದ ಬಳಿಯೂ ಇಪ್ಪತ್ತು ಹೆಸರುಗಳುಳ್ಳ ಒಂದು ಬಿನ್ನವತ್ತಳೆ ಇರುವುದು. ಸಾವಿರ ಜನ ಹೊರಟರೆ ನೂರು ತಂಡ, ನೂರು ಬಿನ್ನಹ. ಒಂದೊಂದು ತಂಡವೂ ಕಾನೂನಿನ ಗೆರೆಯೊಳಗೆ. ಎಲ್ಲ ತಂಡಗಳೂ ಸೇರಿದರೆ ಒಂದು ಮಹಾಪ್ರವಾಹ.

ಈ ಯೋಜನೆಯನ್ನು ನಾನು ಮೊದಲ ಬಾರಿಗೆ ಓದಿದಾಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹಸಿದವನು ಕಲ್ಲೆತ್ತುವುದನ್ನು ಚರಿತ್ರೆ ಎಷ್ಟೋ ಕಡೆ ದಾಖಲಿಸಿದೆ. ಅದಕ್ಕೆ ಕೆಲವೇ ವರ್ಷಗಳ ಹಿಂದೆ, ೧೮೧೧ರಿಂದ ಮೊದಲುಗೊಂಡು, ಅದೇ ಇಂಗ್ಲೆಂಡಿನ ಬೇರೆ ಕೆಲಸಗಾರರು ರಾತ್ರಿಯ ವೇಳೆ ಗಿರಣಿಗಳಿಗೆ ನುಗ್ಗಿ ಯಂತ್ರಗಳನ್ನು ಸುತ್ತಿಗೆಯಿಂದ ಪುಡಿಮಾಡಿದ್ದರು. ಹಸಿದವನು ಕುಳಿತು ಶಾಸನವನ್ನು ಓದಿಸಿ ಕೇಳಿ, ತನ್ನ ಜೊತೆಯವರನ್ನು ಬೆರಳು ಮಡಚಿ ಹತ್ತರ ಲೆಕ್ಕಕ್ಕೆ ವಿಂಗಡಿಸುವುದು ಅಪರೂಪದ ದೃಶ್ಯ. ನಮಗೆ ಬೇಕಾದುದು ದೊಂಬಿಯಲ್ಲ, ರೊಟ್ಟಿ. ಮಗು ತಂದೆಯ ಬಳಿ ಕೇಳುವಂತೆ ನಾವು ದೊರೆಮಗನನ್ನು ಕೇಳುತ್ತೇವೆ ಎಂಬ ಅರ್ಥದ ಮಾತುಗಳನ್ನು ಅವರ ಮುಖಂಡರಲ್ಲಿ ಒಬ್ಬನಾದ ಸ್ಯಾಮುಯೆಲ್ ಡ್ರಮಂಡ್ ಆಡಿದ್ದನು. ಇನ್ನೊಬ್ಬ ಮುಖಂಡ ಜಾನ್ ಬ್ಯಾಗ್ಲಿ. ಅವನಿಗೆ ಆಗ ಕೇವಲ ಹದಿನೆಂಟು ವರ್ಷ ವಯಸ್ಸು. ಈ ಪಾಠವನ್ನು ಓದುತ್ತಿರುವ ನಿಮಗಿಂತ ಮೂರು ನಾಲ್ಕು ವರ್ಷ ದೊಡ್ಡವನು, ಅಷ್ಟೆ.

ಮುಂದೆ ನಡೆದುದನ್ನು ಹೇಳಲು ಹೆಚ್ಚು ಮಾತು ಬೇಡ. ಸರಕಾರ ಮೊದಲೇ ಸಿದ್ಧವಾಗಿತ್ತು. ಜನವರಿಯಲ್ಲಿ ಯುವರಾಜನ ಸಾರೋಟಿನ ಮೇಲೆ ಲಂಡನ್ನಿನ ಜನರ ಗುಂಪೊಂದು ದಾಳಿ ಮಾಡಿತೆಂಬ ನೆಪದಿಂದ, ಮಾರ್ಚ್ ಮೊದಲ ವಾರದಲ್ಲಿ ಹೇಬಿಯಸ್ ಕಾರ್ಪಸ್ ವಿಧಿಯನ್ನು ತಡೆಹಿಡಿಯಲಾಗಿತ್ತು. ಬಂಧಿಸಿದವನನ್ನು ನ್ಯಾಯಾಧೀಶನ ಮುಂದೆ ನಿಲ್ಲಿಸಿ ಬಂಧನಕ್ಕೆ ಕಾರಣವನ್ನು ತೋರಿಸಬೇಕೆಂಬುದು ಆ ವಿಧಿ. ನಮ್ಮ ಸಂವಿಧಾನವೂ ನಮ್ಮ ನ್ಯಾಯಾಲಯಗಳಿಗೆ ಕೊಟ್ಟಿರುವ ಅಧಿಕಾರ ಅದು. ಅದನ್ನು ತಡೆಹಿಡಿದರೆಂದರೆ ಯಾರನ್ನು ಬೇಕಾದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದು ಎಂದರ್ಥ. ಬಯಲಿನಲ್ಲಿ ಸಭೆ ನಡೆಯುತ್ತಿರುವಾಗಲೇ ಅಧಿಕಾರಿಗಳು ದೊಂಬಿಯ ಶಾಸನವನ್ನು ಓದಿಸಿದರು. ಕುದುರೆಯ ದಳ ಒಳನುಗ್ಗಿತು. ಬ್ಯಾಗ್ಲಿ, ಡ್ರಮಂಡ್ ಸೇರಿ ೨೭ ಮಂದಿಯನ್ನು ಹಿಡಿದರು. ಅಷ್ಟಾದರೂ ಕೆಲವು ನೂರು ಜನ ಆ ವೇಳೆಗಾಗಲೇ ಲಂಡನ್ನಿನ ರಸ್ತೆ ಹಿಡಿದಿದ್ದರು. ಕುದುರೆಯ ಸವಾರರು ಅವರನ್ನು ಬೆನ್ನಟ್ಟಿದರು. ಸ್ಟಾಕ್‌ಪೋರ್ಟಿನಲ್ಲಿ ಕತ್ತಿಯೇಟಿನಿಂದ ಹಲವರಿಗೆ ಗಾಯವಾಯಿತು. ಮೆರವಣಿಗೆಗೆ ಸೇರದ ಆ ಊರಿನವನೊಬ್ಬ ಗುಂಡೇಟಿಗೆ ಬಲಿಯಾದ. ಅನೇಕರನ್ನು ಅಲೆಮಾರಿಗಳೆಂಬ ಆರೋಪದ ಮೇಲೆ ಹಿಡಿದರು. ಮನೆಯುಳ್ಳ, ಮಗ್ಗವುಳ್ಳ, ಹೆಂಡತಿ ಮಕ್ಕಳುಳ್ಳ ಮನುಷ್ಯ ಹೆದ್ದಾರಿಯಲ್ಲಿ ಕಂಬಳಿ ಹೊತ್ತು ನಡೆದರೆ ಅಲೆಮಾರಿ!

ಅವರ ಕಾಲದವನೇ ಆದ ಸ್ಯಾಮುಯೆಲ್ ಬ್ಯಾಮ್‌ಫರ್ಡ್ ಎಂಬ ನೇಕಾರ ಕವಿ ಕೊಟ್ಟಿರುವ ಲೆಕ್ಕದ ಪ್ರಕಾರ, ಆ ರಾತ್ರಿ ಮ್ಯಾಕಲ್ಸ್‌ಫೀಲ್ಡ್ ಪಟ್ಟಣವನ್ನು ಮುಟ್ಟಿದವರು ಸುಮಾರು ೧೮೦ ಮಂದಿ. ಕೆಲವರು ಹೊಲಗಳಲ್ಲಿ ಮಲಗಿದರು. ಮುಂದಿನ ಪಟ್ಟಣವಾದ ಲೀಕ್ ತಲಪಿದವರು ಇಪ್ಪತ್ತು. ಆಷ್‌ಬೋರ್ನಿನ ಸೇತುವೆಯನ್ನು ದಾಟಿದವರು ಆರು.

ಈ ಬ್ಯಾಮ್‌ಫರ್ಡನ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಅವನು ಸರಕಾರದ ಪಕ್ಷದವನಲ್ಲ. ಬಡವರ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡವನು. ಆದರೂ ಈ ನಡಿಗೆಗೆ ಅವನು ಒಪ್ಪಲಿಲ್ಲ. ಹೋಗಬೇಡಿರೆಂದು ತನ್ನ ಊರಿನವರಿಗೆ ಬುದ್ಧಿ ಹೇಳಿದನು. ದಾರಿಯಲ್ಲಿ ಊಟವೆಲ್ಲಿ, ಕಾಯಿಲೆ ಬಿದ್ದವರನ್ನು ನೋಡುವವರಾರು, ನಡುವೆ ಪುಂಡರು ಸೇರಿಕೊಂಡು ಕೆಟ್ಟ ಕೆಲಸ ಮಾಡಿದರೆ ಹೊಣೆಯಾರು ಎಂಬವು ಅವನ ಆಕ್ಷೇಪಗಳು. ಅವುಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯಲಾರೆ. ಮಾರ್ಚ್ ತಿಂಗಳ ಇಂಗ್ಲೆಂಡಿನ ಚಳಿಯಲ್ಲಿ, ಬರಿಗೈಯಲ್ಲಿ, ಹಳ್ಳಿಗಳವರು ಅನ್ನ ಹಾಕಿಯಾರೆಂಬ ನಂಬಿಕೆಯ ಮೇಲೆ ಸಾವಿರಾರು ಜನರನ್ನು ಹೊರಡಿಸುವುದು ಮುಂದಾಲೋಚನೆಯ ಲಕ್ಷಣವಲ್ಲ. ಹದಿನೆಂಟು ವರ್ಷದ ಮುಖಂಡನಲ್ಲಿ ಇರಬಹುದಾದ ದೋಷ ಅದು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಆ ನಡಿಗೆ ಹಸಿವಿನಿಂದ ನಿಲ್ಲಲಿಲ್ಲ, ಚಳಿಯಿಂದ ನಿಲ್ಲಲಿಲ್ಲ, ಪುಂಡರಿಂದಲೂ ಕೆಡಲಿಲ್ಲ. ಅದನ್ನು ನಿಲ್ಲಿಸಿದುದು ಕತ್ತಿ. ಬೆಳೆದ ಪೈರನ್ನು ದನ ಬಿಟ್ಟು ಮೇಯಿಸಿದವನು, ಬಿತ್ತಿದವನಿಗೆ ಬೇಸಾಯ ಬಾರದೆಂದು ಹೇಳುವುದು ಸರಿಯಲ್ಲ.

ಇನ್ನೊಂದು ಆಕ್ಷೇಪವನ್ನು ಇಂದಿನ ಓದುಗರು ಎತ್ತುತ್ತಾರೆ; ಅದು ಹೆಚ್ಚು ತೂಕವುಳ್ಳದ್ದು. ಅವರು ಮೊರೆಯಿಡಲು ಹೊರಟುದು ಯಾರ ಬಳಿಗೆ? ಬ್ರೈಟನ್ನಿನ ಕಡಲ ತೀರದಲ್ಲಿ ಕೋಟಿಕೋಟಿ ಸುರಿದು ವಿಲಾಸದ ಅರಮನೆಯನ್ನು ಕಟ್ಟಿಸುತ್ತಿದ್ದ, ಸಾಲಕ್ಕೂ ಭೋಗಕ್ಕೂ ಹೆಸರಾಗಿದ್ದ ಯುವರಾಜನ ಬಳಿಗೆ. ಅಂಥವನನ್ನು ತಂದೆಯೆಂದು ಭಾವಿಸುವುದು ದಾಸ್ಯಬುದ್ಧಿಯಲ್ಲವೇ? ಬೇಡುವುದಕ್ಕಿಂತ ಹೋರಾಡುವುದು ಮೇಲಲ್ಲವೇ?

ಬಿನ್ನಹವೆಂದರೆ ಬೇಡುವುದು ಎಂದು ನಾನು ಒಪ್ಪುವುದಿಲ್ಲ. ಭಿಕ್ಷುಕನಿಗೆ ಕೊಡದೆ ಕಳುಹಿಸಿದರೆ ಮನೆಯೊಡೆಯನಿಗೆ ಯಾವ ಅಪವಾದವೂ ಬರುವುದಿಲ್ಲ. ಬಿನ್ನವತ್ತಳೆ ಹಾಗಲ್ಲ. ಅದರಲ್ಲಿ ಹೆಸರಿದೆ, ದಿನಾಂಕವಿದೆ, ಇಂಥ ಕಾರಣದಿಂದ ಇಂಥದು ನಮಗೆ ಸಲ್ಲತಕ್ಕದ್ದು ಎಂಬ ವಾದವಿದೆ. ಅದನ್ನು ತೆಗೆದುಕೊಂಡವನು ಉತ್ತರ ಕೊಡಬೇಕಾಗುತ್ತದೆ. ಕೊಡದಿದ್ದರೆ ಆ ಮೌನವೂ ಒಂದು ಉತ್ತರವಾಗಿ ಎಲ್ಲರಿಗೂ ಕಾಣುತ್ತದೆ. ಅಧಿಕಾರದಲ್ಲಿರುವವರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ಆ ಸೋಮವಾರ ಮ್ಯಾಂಚೆಸ್ಟರಿನ ಬಯಲಿಗೆ ಕುದುರೆಗಳನ್ನು ಕಳುಹಿಸಿದವರು ಕಂಬಳಿಗೆ ಹೆದರಿದವರೆಂದು ನಾನು ತಿಳಿಯಲಾರೆ. ಅವರು ಹೆದರಿದುದು ಹತ್ತರ ಆ ಲೆಕ್ಕಕ್ಕೆ. ದೊಂಬಿ ಮಾಡುವವರನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಹತ್ತರಲ್ಲಿ ಹತ್ತೂ ಜನ ಕಾನೂನಿನೊಳಗೆ ನಿಂತು ಲಂಡನ್ನಿನ ಬಾಗಿಲನ್ನು ತಟ್ಟಿದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಬಿನ್ನಹ ಹಿಡಿದು ನಡೆದವರ ಮನಸ್ಸು ಹೇಗಿರುತ್ತದೆಂಬುದು ನನಗೆ ಅಲ್ಪಸ್ವಲ್ಪ ಗೊತ್ತು. ಸುಮಾರು ನಲವತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಉಪಾಧ್ಯಾಯನಾಗಿದ್ದಾಗ, ನಮ್ಮ ಶಾಲೆಯ ಹದಿನಾಲ್ಕು ಮಂದಿಗೆ ಐದು ತಿಂಗಳ ಸಂಬಳ ಬಂದಿರಲಿಲ್ಲ. ಎಲ್ಲರೂ ಸೇರಿ ಅರ್ಜಿ ಬರೆದೆವು. ಬರೆದವರು ನಮ್ಮಲ್ಲಿ ಹಿರಿಯರಾದ ಸಂಸ್ಕೃತದ ಪಂಡಿತರು. ಮೂರು ಸಲ ತಿದ್ದಿದರು, ಎಲ್ಲಿಯೂ ಒಂದು ಕಟುವಾದ ಮಾತು ಬರದಂತೆ. ಹೊರಡುವ ದಿನ ಅವರು ಇಸ್ತ್ರಿ ಮಾಡಿದ ಪಂಚೆಯುಟ್ಟು, ಮದುವೆಗೆ ಹೊದೆಯುವ ಜರಿಯ ಶಲ್ಯ ಹೊದ್ದು ಬಂದಿದ್ದರು. ನಾಲ್ಕು ಮೈಲಿ ನಡೆದು ಕಚೇರಿಯನ್ನು ಮುಟ್ಟಿದಾಗ ಬಾಗಿಲಲ್ಲಿದ್ದ ಜವಾನ, "ಇಷ್ಟು ಜನ ಒಳಗೆ ಹೋಗೋ ಹಾಗಿಲ್ಲ, ಇಬ್ಬರು ಮಾತ್ರ" ಎಂದ. ಹನ್ನೆರಡು ಜನ ಬೇವಿನ ಮರದ ಕೆಳಗೆ ನಿಂತೆವು. ಒಳಗೆ ಹೋದ ಪಂಡಿತರು ಐದೇ ನಿಮಿಷದಲ್ಲಿ ಹೊರಗೆ ಬಂದರು. ಅರ್ಜಿಯ ಮೇಲೆ ಮೊಹರು ಬಿದ್ದಿತ್ತಂತೆ, ಅದನ್ನು ಒಂದು ಕಡತದ ಅಡಿಯಲ್ಲಿ ಇಟ್ಟರಂತೆ, ಕುಳಿತುಕೊಳ್ಳಿ ಎನ್ನಲಿಲ್ಲವಂತೆ. ಸಂಬಳ ಬರುವುದಕ್ಕೆ ಇನ್ನೂ ಎರಡು ತಿಂಗಳು ಹಿಡಿಯಿತು. ಅಂದು ಹಿಂದಿರುಗುವಾಗ ನಾವು ಯಾರೂ ಹೆಚ್ಚು ಮಾತನಾಡಲಿಲ್ಲ. ಮಾತನಾಡದೆಯೇ ಹದಿನಾಲ್ಕು ಜನರೂ ಒಬ್ಬರ ಪಕ್ಕದಲ್ಲಿ ಒಬ್ಬರು ನಡೆದೆವು ಎಂಬುದು ಮಾತ್ರ ನೆನಪಿದೆ. ಅಲ್ಲಿಯವರೆಗೆ ನಾವು ಸಹೋದ್ಯೋಗಿಗಳಾಗಿದ್ದೆವು, ಅಷ್ಟೇ.

ದೂರು ಹೇಳಲು ಹೋಗುವವರು ಒಳ್ಳೆಯ ಬಟ್ಟೆಯನ್ನು ಏಕೆ ಉಡುತ್ತಾರೆ? ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಕಂಬಳಿಯವರು ಚದರಿಹೋದ ಎರಡು ವರ್ಷಗಳ ಮೇಲೆ, ೧೮೧೯ರ ಆಗಸ್ಟ್ ೧೬ರಂದು, ಅದೇ ಸೇಂಟ್ ಪೀಟರ್ಸ್ ಬಯಲಿನಲ್ಲಿ ಮತದಾನದ ಹಕ್ಕಿಗಾಗಿ ಸುಮಾರು ೬೦,೦೦೦ ಜನ ಸೇರಿದರು. ಸುತ್ತಣ ಊರುಗಳಿಂದ ಭಾನುವಾರದ ಉಡುಪು ತೊಟ್ಟು, ಬಿಳಿಯ ಬಟ್ಟೆಯ ಹೆಂಗಸರನ್ನು ಮುಂದಿಟ್ಟುಕೊಂಡು, ವಾದ್ಯದ ತಾಳಕ್ಕೆ ಹೆಜ್ಜೆಯಿಟ್ಟು ಬಂದರು. ತಾವು ಪುಂಡರಲ್ಲವೆಂದು ತೋರಿಸುವುದಕ್ಕಾಗಿ ಆ ಶಿಸ್ತನ್ನು ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು. ೧೮೧೭ರ ನಡಿಗೆಯಿಂದ ಗಾಬರಿಗೊಂಡ ಮ್ಯಾಂಚೆಸ್ಟರಿನ ಧನಿಕರು ಅದೇ ವರ್ಷ ಸ್ವಯಂಸೇವಕ ಕುದುರೆಯ ದಳವೊಂದನ್ನು ಕಟ್ಟಿದ್ದರು. ಆ ದಳ ಕತ್ತಿ ಹಿರಿದು ಜನರ ಮೇಲೆ ನುಗ್ಗಿತು. ಕಡಮೆಯೆಂದರೂ ಹದಿನೈದು ಮಂದಿ ಸತ್ತರು. ನೂರಾರು ಜನ ಗಾಯಗೊಂಡರು. ವಾಟರ್‌ಲೂ ಕದನವನ್ನು ನೆನೆದು ಜನ ಅದನ್ನು 'ಪೀಟರ್‌ಲೂ' ಎಂದು ಕರೆದರು. ಕಂಬಳಿಯವರನ್ನು ಮರೆತರೆ ಪೀಟರ್‌ಲೂ ಅರ್ಥವಾಗುವುದಿಲ್ಲ. ಹೇಗೆ ಹತ್ತರಂತೆ ನಿಲ್ಲಬೇಕು, ಹೇಗೆ ಸಾಲಾಗಿ ನಡೆಯಬೇಕು ಎಂಬುದು ಮೊದಲು ಹೊಳೆದುದು ಕಂಬಳಿಯವರಿಗೆ. ಹಾಗೆ ನಡೆದವರ ಮೇಲೆ ಕುದುರೆ ಹಾಯಿಸಬಹುದೆಂಬುದನ್ನು ಅಧಿಕಾರಿಗಳು ಕಲಿತುದೂ ಅಂದೇ.

ನೇರವಾದ ದಾರಿಯನ್ನು ಮುಚ್ಚಿದರೆ ಏನಾಗುತ್ತದೆಂಬುದಕ್ಕೂ ಆ ವರ್ಷವೇ ಸಾಕ್ಷಿಯಾಯಿತು. ಮೂರೇ ತಿಂಗಳಲ್ಲಿ, ೧೮೧೭ರ ಜೂನ್‌ನಲ್ಲಿ, ಡರ್ಬಿಷೈರಿನ ಪೆಂಟ್ರಿಚ್ ಎಂಬ ಹಳ್ಳಿಯ ಸುತ್ತಮುತ್ತಲಿನ ಕೆಲವು ನೂರು ಬಡವರು ರಾತ್ರಿ ಭರ್ಜಿ, ಬಂದೂಕುಗಳನ್ನು ಹಿಡಿದು ಹೊರಟರು. ಅವರನ್ನು ಹುರಿದುಂಬಿಸಿದವರಲ್ಲಿ ಸರಕಾರದ ಗೂಢಚಾರನೇ ಒಬ್ಬನಿದ್ದ. ಮೂವರು ನೇಣಿಗೇರಿದರು. ಹಗಲಿನಲ್ಲಿ ಕಾಗದ ಹಿಡಿದು ಬಂದವರನ್ನು ಓಡಿಸಿದ ಸರಕಾರಕ್ಕೆ ರಾತ್ರಿ ಭರ್ಜಿ ಹಿಡಿದವರ ವಿಷಯದಲ್ಲಿ ಆಶ್ಚರ್ಯಪಡುವ ಹಕ್ಕಿತ್ತೇ ಎಂದು ನಾನು ಕೇಳಬಯಸುತ್ತೇನೆ.

ಈ ಕಥೆ ದೂರದ ದೇಶದ್ದಾದರೂ ನಮಗೆ ಪೂರ್ತಿ ಪರಕೀಯವಲ್ಲ. ಇಂಗ್ಲೆಂಡಿನ ನೇಕಾರನ ಕೂಲಿಗೆ ಇದ್ದ ರಕ್ಷಣೆಯನ್ನು ತೆಗೆದುಹಾಕಿದ ಆ ೧೮೧೩ರಲ್ಲಿಯೇ, ಭಾರತದ ವ್ಯಾಪಾರದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಗಿದ್ದ ಏಕಸ್ವಾಮ್ಯವೂ ಕೊನೆಗೊಂಡಿತು. ಲ್ಯಾಂಕಷೈರಿನ ಅಗ್ಗದ ಬಟ್ಟೆ ನಮ್ಮ ಸಂತೆಗಳಿಗೆ ಪ್ರವಾಹದಂತೆ ನುಗ್ಗಿತು. ನಮ್ಮ ನೇಕಾರರ ಮಗ್ಗಗಳೂ ಒಂದೊಂದಾಗಿ ಸುಮ್ಮನಾದವು. ಮುಂದೆ ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬಾರದಾದಾಗ, ಲ್ಯಾಂಕಷೈರಿನ ಗಿರಣಿಗಳ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿಯ ಹೊಲಗಳ ಮೇಲೂ ಬಿತ್ತು. ಮ್ಯಾಂಚೆಸ್ಟರಿನ ಮಗ್ಗದವನೂ ನಮ್ಮ ಮಗ್ಗದವನೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರಿಗೂ ಏಟು ಬಿದ್ದುದು ಒಂದೇ ಕಡೆಯಿಂದ. ೧೯೩೧ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಲ್ಯಾಂಕಷೈರಿನ ಡಾರ್ವೆನ್‌ಗೆ ಹೋಗಿ ಗಿರಣಿ ಕೆಲಸಗಾರರನ್ನು ಭೇಟಿಯಾದರು. ಅವರ ಖಾದಿ ಚಳವಳಿಯಿಂದ ಆ ಜನರ ಕೆಲಸಕ್ಕೆ ಧಕ್ಕೆ ಬಂದಿತ್ತು. ಆದರೂ ಕೆಲಸಗಾರರು, ಅದರಲ್ಲಿಯೂ ಗಿರಣಿಯ ಹೆಂಗಸರು, ಅವರನ್ನು ಹರ್ಷೋದ್ಗಾರಗಳಿಂದ ಸುತ್ತುವರಿದು ನಿಂತ ಚಿತ್ರವೊಂದು ಇಂದಿಗೂ ಉಳಿದಿದೆ. ಬಿಳಿಯ ಹಚ್ಚಡ ಹೊದ್ದ ಆ ಮುದುಕನನ್ನು ನೋಡಿದಾಗಲೆಲ್ಲ ನನಗೆ, ಏಕೋ, ಕಂಬಳಿಯವರ ನೆನಪಾಗುತ್ತದೆ.

ಆಷ್‌ಬೋರ್ನ್ ಸೇತುವೆಯನ್ನು ದಾಟಿದ ಆರು ಮಂದಿಯಲ್ಲಿ ಒಬ್ಬನೇ ಒಬ್ಬ ಲಂಡನ್ನನ್ನು ಮುಟ್ಟಿ ತನ್ನ ಬಿನ್ನವತ್ತಳೆಯನ್ನು ಒಪ್ಪಿಸಿದನೆಂದು ಒಂದು ಐತಿಹ್ಯವಿದೆ. ಅದು ಐತಿಹ್ಯ, ದೃಢಪಟ್ಟ ಸಂಗತಿಯಲ್ಲ. ಹಾಗೆಂದೇ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಸೆರೆಸಿಕ್ಕಿದ ಮುಖಂಡರು ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಕಾರಾಗೃಹದಲ್ಲಿ ಕೊಳೆತರು. ಹೊಸ ಕಾಲ ಬರುವುದಕ್ಕೆ ತುಂಬ ವರ್ಷಗಳು ಬೇಕಾದವು. ಸಂಘ ಕಟ್ಟುವುದನ್ನು ನಿಷೇಧಿಸಿದ್ದ ಶಾಸನಗಳು ೧೮೨೪ರಲ್ಲಿ ರದ್ದಾದವು. ಮ್ಯಾಂಚೆಸ್ಟರಿಗೆ ಪಾರ್ಲಿಮೆಂಟಿನ ಸ್ಥಾನ ದೊರೆತುದು ೧೮೩೨ರಲ್ಲಿ. ಆಗಲೂ ನೇಕಾರನಿಗೆ ಮತ ದೊರೆಯಲಿಲ್ಲ. ೧೮೪೨ರಲ್ಲಿ ಚಾರ್ಟಿಸ್ಟರೆಂಬ ಕಾರ್ಮಿಕರು ಮೂವತ್ತು ಲಕ್ಷಕ್ಕೂ ಮೀರಿದ ಸಹಿಗಳುಳ್ಳ ಬಿನ್ನವತ್ತಳೆಯನ್ನು ಹೊತ್ತು ಪಾರ್ಲಿಮೆಂಟಿಗೆ ಹೋದರು, ಅದನ್ನೂ ತಿರಸ್ಕರಿಸಿದರು. ಇಪ್ಪತ್ತು ಸಹಿಗಳಿಂದ ಮೂವತ್ತು ಲಕ್ಷಕ್ಕೆ, ಇಪ್ಪತ್ತೈದೇ ವರ್ಷಗಳಲ್ಲಿ.

ಹಿಂದಿನ ಸಾಲಿನ ಹುಡುಗನ ಪ್ರಶ್ನೆಗೆ ಸರಿಯಾದ ಉತ್ತರ ಹೊಳೆಯದೆ ಒಂದು ವಾರ ಕಳೆದ ಮೇಲೆ, ನಾನು ಇಡೀ ತರಗತಿಯನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಅಂದು ಹಾಜರಿದ್ದವರು ನಲವತ್ತಮೂರು ಮಂದಿ. ೧೬೬೧ರ ಶಾಸನವನ್ನು ಇನ್ನೊಮ್ಮೆ ವಿವರಿಸಿ, ಅದರ ಪ್ರಕಾರ ನಿಲ್ಲಿರಿ ಎಂದೆ. ಸ್ವಲ್ಪ ಗದ್ದಲವಾಯಿತು, ಬಳಿಕ ಹತ್ತು ಹತ್ತು ಮಂದಿಯ ನಾಲ್ಕು ಸಾಲುಗಳಾದವು. ಮೂವರು ಉಳಿದುಕೊಂಡರು. ಪ್ರಶ್ನೆ ಕೇಳಿದ್ದ ಹುಡುಗ ಅವರಲ್ಲಿ ಒಬ್ಬ.

"ನಾವು ಏನು ಮಾಡಬೇಕು ಸಾರ್?" ಎಂದ.

ಶಾಸನ ತಡೆಯುವುದು ಹತ್ತಕ್ಕಿಂತ ಹೆಚ್ಚು ಜನರನ್ನು, ಕಡಮೆ ಇದ್ದವರನ್ನಲ್ಲ ಎಂದು ನಾನು ಹೇಳಿದೆ. ಅವನು ಸ್ವಲ್ಪ ಯೋಚಿಸಿ, ಉಳಿದಿಬ್ಬರನ್ನೂ ಕರೆದುಕೊಂಡು ಹೋಗಿ ನಾಲ್ಕನೆಯ ಸಾಲಿನ ಪಕ್ಕದಲ್ಲಿ ಐದನೆಯ ಸಾಲಾಗಿ ನಿಂತ.